ತೆಳು ರಬ್ಬರಿನ ಟ್ಯೂಬು

ಕಬ್ಬಿಣದಂಗಡಿಗಳ ಬೀದಿಯಲ್ಲಿ ಅವನನ್ನು ಎಲ್ಲರೂ ಸರಳಣ್ಣ ಎಂದೇ ಕರೆಯುತ್ತಿದ್ದರು. ಸರಳು, ಪೈಪು, ತಗಡುಗಳನ್ನು ಕೈಗಾಡಿಗೆ ಹೇರಿಕೊಂಡು ಕಟ್ಟಡ ಏಳುತ್ತಿರುವ ಕಡೆಗೆಲ್ಲ ಎಳೆದುಕೊಂಡು ಹೋಗುವುದು ಅವನ ಕೆಲಸ. ಅದರಿಂದಲೇ ಆ ಹೆಸರು ಬಂತೆಂದು ಕೆಲವರು, ಮನುಷ್ಯನೇ ಸರಳ, ಅದಕ್ಕೆ ಬಂತೆಂದು ಇನ್ನು ಕೆಲವರು. ಅವನ ಹೆಂಡತಿ ಮಾತ್ರ ಎರಡನ್ನೂ ಒಪ್ಪುತ್ತಿರಲಿಲ್ಲ. "ಸರಳಿನ ಹಾಗೆ ಬಗ್ಗೋದಿಲ್ಲ, ಅದಕ್ಕೆ ಸರಳಣ್ಣ. ಮದುವೆ ಆದಾಗಿಂದ ಬಗ್ಗಿಸೋಕೆ ನೋಡ್ತಾ ಇದ್ದೀನಿ, ನನ್ನ ಕೈಯೇ ನೋಯ್ತಿದೆ," ಎಂದು ಮನೆಗೆ ಬಂದವರನ್ನೆಲ್ಲ ನಗಿಸುತ್ತಿದ್ದಳು.

ಗಾಡಿ ಅವನೊಬ್ಬನದಲ್ಲ. ಅರ್ಧ ಅವನದು, ಅರ್ಧ ಹೆಂಡತಿಯ ತಮ್ಮನದು. ಸರಳಣ್ಣ ಮುಂದೆ ನಿಂತು ಎಳೆದರೆ ಭಾವಮೈದ ಹಿಂದಿನಿಂದ ತಳ್ಳುತ್ತಿದ್ದ. ಆ ಬೀದಿಯ ತುಂಬ ಮೊಳೆ, ತಂತಿಯ ಚೂರು, ತಗಡಿನ ಅಂಚು. ಗಾಳಿಯ ಚಕ್ರ ಹಾಕಿಸಿದರೆ ದಾರಿಗಿಂತ ಪಂಕ್ಚರ್ ಅಂಗಡಿಯಲ್ಲೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತಿತ್ತು. ಗಾಳಿಯ ಗೊಡವೆಯೇ ಬೇಡವೆಂದು ಇಬ್ಬರೂ ಮಾತಾಡಿಕೊಂಡು ಗಟ್ಟಿ ರಬ್ಬರಿನ ಚಕ್ರ ಹಾಕಿಸಿದ್ದರು. ಗಾಡಿ ಗಡಗಡ ಎನ್ನುತ್ತಿತ್ತು, ಎಳೆಯುವವನ ಹಲ್ಲು ಅಲುಗುತ್ತಿತ್ತು. ಆದರೇನು, ಕಬ್ಬಿಣಕ್ಕೆ ಬೆನ್ನು ನೋಯುತ್ತದೆಯೇ?

ಬೆನ್ನು ನೋಯತೊಡಗಿದ್ದು ಹೆಂಡತಿಗೆ. ಅವಳು ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದವಳು. ದಿನವಿಡೀ ಮೆಷಿನ್ನಿನ ಮೇಲೆ ಬಗ್ಗಿ ಕೂತರೆ ಇನ್ನೇನಾಗುತ್ತದೆ ಎಂದು ಮೊದಮೊದಲು ಎಣ್ಣೆ ತಿಕ್ಕಿದರು. ಆಮೇಲೆ ಪಟ್ಟಿ ಕಟ್ಟಿದರು. ಆಮೇಲೆ ಮಾತ್ರೆ. ಅಷ್ಟಕ್ಕೂ ಬಗ್ಗದ ನೋವು ಕೊನೆಗೆ ಅವರನ್ನು ಗುಡ್ಡದ ಮೇಲಿನ ದೊಡ್ಡಾಸ್ಪತ್ರೆಗೆ ಹತ್ತಿಸಿತು. ಅಲ್ಲಿ ಡಾಕ್ಟರಮ್ಮ ಸರಳಣ್ಣನನ್ನು ಒಬ್ಬನನ್ನೇ ಒಳಗೆ ಕರೆದು, ಬೆಳಕಿಗೆ ಹಿಡಿದ ಚಿತ್ರದಲ್ಲಿ ಬೆನ್ನುಮೂಳೆಯ ಒಂದೊಂದೇ ಗಂಟಿನ ಮೇಲೆ ಪೆನ್ನು ಇಟ್ಟು ತೋರಿಸಿದರು. ಎದೆಯಲ್ಲಿ ಶುರುವಾದದ್ದು ಯಾರಿಗೂ ತಿಳಿಯದೆ ಬೆನ್ನಿಗೆ ಇಳಿದಿತ್ತು. ದಿನಾ ಬಂದು ಒಂದು ಯಂತ್ರದ ಕೆಳಗೆ ಸ್ವಲ್ಪ ಹೊತ್ತು ಮಲಗಿದರೆ ನೋವು ಕಡಿಮೆಯಾಗಬಹುದು ಎಂದರು. ಕಾಯಿಲೆ ವಾಸಿಯಾಗುತ್ತದೆ ಎಂದು ಮಾತ್ರ ಅನ್ನಲಿಲ್ಲ.

ಹೊರಗೆ ಬೆಂಚಿನ ಮೇಲೆ ಒರಗಿ ಮಲಗಿದ್ದ ಹೆಂಡತಿ, "ಏನಂತೆ?" ಎಂದಳು.

"ನರ ಹಿಡ್ಕೊಂಡಿದೆಯಂತೆ. ಕರೆಂಟ್ ಕೊಡ್ತಾರಂತೆ. ಬಿಟ್ಟುಹೋಗುತ್ತಂತೆ."

"ಸರಿ," ಎಂದಳು. 

ದಿನಾ ಗುಡ್ಡ ಹತ್ತುವುದಾದರೂ ಹೇಗೆ? ಅವಳಿಗೆ ಕೂರಲು ಆಗುತ್ತಿರಲಿಲ್ಲ, ಆಟೋದಲ್ಲಿ ಮಲಗಲು ಜಾಗವಿಲ್ಲ. ಆಸ್ಪತ್ರೆಯ ವ್ಯಾನು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಡು ದಿನ ಬಾಗಿಲಲ್ಲಿ ಕಾದು ಕಾದು ಸಾಕಾಗಿ ಸರಳಣ್ಣ ಗಾಡಿಯನ್ನು ತೊಳೆದ. ತುಕ್ಕಿನ ಕಲೆ ಹೋಗಲಿಲ್ಲ. ಅದರ ಮೇಲೆ ಹಾಸಿಗೆ ಹಾಸಿ, ಅವಳನ್ನು ಮಲಗಿಸಿ, ಬಿಸಿಲಿಗೆ ಅಡ್ಡವಾಗಿ ಹಳೆಯ ಪರದೆಯೊಂದನ್ನು ಕಟ್ಟಿ ಹೊರಟ.

ಸಂತೆಬೀದಿಯ ಕಲ್ಲುಹಾಸು ಬಂತು, ರೈಲುಹಳಿ ಬಂತು, ಏರಿನ ರಸ್ತೆಯ ಸೀಳುಗಳು ಬಂದವು. "ಆಯ್ತಾ? ಸರಿ ಇದೆಯಾ?" ಎಂದು ಅವನು ಕೇಳಿದಾಗಲೆಲ್ಲ ಹೊದಿಕೆಯೊಳಗಿಂದ "ಹ್ಞೂ" ಎಂಬ ಸದ್ದಷ್ಟೇ. ಮನೆಗೆ ಬಂದು ಹೊದಿಕೆ ಮಡಿಸುವಾಗ ಅದರ ಅಂಚು ಅವನ ಕೈಗೆ ಒದ್ದೆಯಾಗಿ ತಗುಲಿತು. ಬಿಚ್ಚಿ ನೋಡಿದ. ಅಂಚಿನುದ್ದಕ್ಕೂ ಹಲ್ಲಿನ ಗುರುತು. ಒಂದು ಕಡೆಯಂತೂ ಬಟ್ಟೆ ತೂತಾಗಿಯೇ ಹೋಗಿತ್ತು. ಅದನ್ನು ಅವಳಿಗೆ ಕಾಣದಂತೆ ಮಡಿಸಿಟ್ಟು, ಆ ಸಂಜೆಯೇ ಗುಜರಿ ಅಂಗಡಿಗೆ ಹೋಗಿ ಗಾಳಿ ತುಂಬುವಂಥ ಟೈರು, ರಿಮ್ಮುಗಳ ಹಳೆಯ ಜೋಡಿಯೊಂದನ್ನು ಆರಿಸಿಕೊಂಡು ಬಂದ. ಇನ್ನು ಬೇಕಾಗಿದ್ದದ್ದು ಒಳಗಿನ ಟ್ಯೂಬು.

ಟ್ಯೂಬಿಗೆ ಆ ಕಡೆಯವರೆಲ್ಲ ಹೋಗುತ್ತಿದ್ದದ್ದು ಗಾಳಿತಾತನ ಹತ್ತಿರ. ಮಾಳಿಗೆ ಮನೆಯೊಂದರ ಮೆಟ್ಟಿಲ ಕೆಳಗಿನ ಗೂಡೇ ಅವನ ಅಂಗಡಿ. ಗೋಡೆಯ ತುಂಬ ಮೊಳೆಗಳಿಗೆ ಟ್ಯೂಬುಗಳು ಜೋತುಬಿದ್ದಿರುತ್ತಿದ್ದವು. ಮೂಲೆಯಲ್ಲಿ ಗಾಳಿಯ ಯಂತ್ರ ಸದಾ ದಡದಡ ಎನ್ನುತ್ತಿತ್ತು. ಆ ಯಂತ್ರದ ಪಕ್ಕದಲ್ಲೇ ಪ್ರಾಯ ಕಳೆದು ಮುದುಕನಾದ ತಾತನಿಗೆ ಕಿವಿ ಹೆಚ್ಚುಕಡಿಮೆ ಹೊರಟೇಹೋಗಿತ್ತು.

"ಏನು ಹೇರ್ತೀಯ?" ಎಂದು ತಾತ ಕೇಳಿದ.

ಅಂಗಡಿಯ ಮುಂದೆ ಬೀದಿಯ ಹಮಾಲಿಗಳಿಬ್ಬರು ನಿಂತಿದ್ದರು. ಹೆಂಡತಿಯ ವಿಷಯ ಸರಳಣ್ಣ ಇನ್ನೂ ಯಾರಿಗೂ ಹೇಳಿರಲಿಲ್ಲ. ಸ್ವಂತ ಭಾವಮೈದನಿಗೂ ನರದ ಕಥೆಯನ್ನೇ ಹೇಳಿದ್ದ. ಬಾಯಿಗೆ ರೂಢಿಯಾದ ಉತ್ತರವೇ ಬಂತು: "ಕಬ್ಬಿಣ."

ತಾತ ದಪ್ಪನೆಯ ಕಪ್ಪು ಟ್ಯೂಬುಗಳನ್ನು ಇಳಿಸಿದ. ಗಾಳಿ ತುಂಬುವ ಮೂತಿ ನೆಟ್ಟಗಿದ್ದವನ್ನು ಬೇಡವೆಂದು ಬದಿಗಿಟ್ಟು ಬಗ್ಗಿದ್ದ ಎರಡನ್ನು ಹುಡುಕಿ ಕೊಟ್ಟ. ಮೂತಿ ನೆಟ್ಟಗಿದ್ದರೆ ಅಚ್ಚಿನ ತಗಡಿಗೆ ಬಡಿಯುತ್ತದೆ, ಪಂಪು ಒಳಗೆ ತೂರುವುದಿಲ್ಲ. ಟೈರಿಗೆ ಸೇರಿಸಿ, ಗಾಳಿ ತುಂಬಿ, ಬೆರಳಿನಿಂದ ತಟ್ಟಿ, "ಕಲ್ಲು ಕಲ್ಲಿದ್ದ ಹಾಗಿದೆ, ಹೋಗು," ಎಂದ.

ಕಲ್ಲಿನ ಹಾಗೆಯೇ ಇತ್ತು. ಗಟ್ಟಿ ರಬ್ಬರು ಅವಳನ್ನು ಕುಟ್ಟುತ್ತಿದ್ದರೆ ಇದು ಎತ್ತಿ ಎತ್ತಿ ಒಗೆಯಿತು. ರೈಲುಹಳಿ ದಾಟುವಾಗ ಅವಳಿಂದ ಒಂದು ಕೂಗು ಹೊರಬಿತ್ತು. ಅವನು ಗಾಡಿ ನಿಲ್ಲಿಸಿ, ಎರಡೂ ಚಕ್ರದಿಂದ ಒಂದಿಷ್ಟು ಗಾಳಿ ಬಿಟ್ಟ. ಆಗ ದಪ್ಪ ಟ್ಯೂಬು ಒಳಗೇ ಮಡಿಚಿಕೊಂಡು ಗಾಡಿ ಅತ್ತಿತ್ತ ತೂಗಾಡತೊಡಗಿತು. ಅವಳಿಗೆ ಉಸಿರು ತಿರುಗಲು ತುಸು ಹೊತ್ತು ಬೇಕಾಯಿತು.

"ಮೊದಲು ಒನಕೆ ಆಯ್ತು, ಆಮೇಲೆ ಚೆಂಡು ಆಯ್ತು, ಈಗ ಕುಡುಕ," ಎಂದಳು. "ಯಾವುದಾದ್ರೂ ಒಂದು ತೀರ್ಮಾನ ಮಾಡು ಪುಣ್ಯಾತ್ಮ."

ನಗಿಸಲೆಂದೇ ಹೇಳಿದ್ದು. ಅವನಿಗೆ ನಗು ಬರಲಿಲ್ಲ.

ಮಾರನೆಯ ದಿನ ಟ್ಯೂಬುಗಳನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಗಾಳಿತಾತನ ಮುಂದೆ ನಿಂತ. ಅವತ್ತು ಅಂಗಡಿಯ ಮುಂದೆ ಇನ್ನೂ ಹೆಚ್ಚು ಜನ. ಸೈಕಲ್ಲಿನವನೊಬ್ಬ, ಮೀನಿನ ಗಾಡಿಯವಳೊಬ್ಬಳು, ಅದೇ ಹಮಾಲಿಗಳು.

"ಇದು ಆಗಲ್ಲ ತಾತ. ಮೆತ್ತಗಿರೋದು ಬೇಕು."

"ಆಂ?"

"ಮೆತ್ತಗೆ! ಮೆತ್ತಗಿರೋದು!"

"ಕಬ್ಬಿಣಕ್ಕೆ ಮೆತ್ತಗೆ ಯಾಕೆ? ನಿದ್ದೆ ಮಾಡುತ್ತಾ?"

ಹಮಾಲಿಗಳು ಕಿಸಕ್ಕೆಂದರು. "ಕಬ್ಬಿಣ ಅಲ್ಲ!" ಎಂದ ಸರಳಣ್ಣ, ಮುಖ ಕೆಂಪಾಗಿ. "ಹೆಂಡತಿ!"

"ಹೆಂಡತಿ ಕಬ್ಬಿಣ ಎಳೀತಾಳಾ? ಯಾಕಪ್ಪಾ, ನಿನಗೇನು ದೊಡ್ಡ ರೋಗ?"

ಎಲ್ಲರೂ ಗೊಳ್ಳೆಂದು ನಕ್ಕರು. ಸರಳಣ್ಣನ ಒಳಗೆ ಏನೋ ಹರಿದುಹೋಯಿತು. ಮುದುಕನ ಕಿವಿಗೆ ಬಾಯಿ ಹಚ್ಚಿ, ಇಷ್ಟು ದಿನ ಮನಸ್ಸಿನೊಳಗೂ ಆಡಿಕೊಳ್ಳದ ಮಾತನ್ನು ಗಂಟಲು ಹರಿಯುವಂತೆ ಕೂಗಿದ: "ನನ್ನ ಹೆಂಡತಿಗೆ ಬೆನ್ನುಮೂಳೇಲಿ ಕ್ಯಾನ್ಸರ್! ಗಾಡೀಲಿ ಮಲಗಿಸ್ಕೊಂಡು ದಿನಾ ಆಸ್ಪತ್ರೆಗೆ ಹೋಗ್ತೀನಿ! ಅಲುಗಿದ್ರೆ ಸಾಯೋ ಅಷ್ಟು ನೋವು ಅವಳಿಗೆ!"

ಯಂತ್ರದ ದಡದಡವನ್ನೂ ಮೀರಿ ಮಾತು ಬೀದಿಗೆ ಹೋಯಿತು. ಹಮಾಲಿಗಳು ನೆಲ ನೋಡತೊಡಗಿದರು. ಮೀನಿನವಳು ಬಾಯಿಗೆ ಕೈ ಅಡ್ಡ ಹಿಡಿದಳು. ತಾತ ಕೈ ಚಾಚಿ ಯಂತ್ರವನ್ನು ಆರಿಸಿ, ಸರಳಣ್ಣನನ್ನು ಮರದ ಪೆಟ್ಟಿಗೆಯ ಮೇಲೆ ಕೂರಿಸಿದ. ಕಪ್ಪು ಟ್ಯೂಬುಗಳನ್ನು ಗೋಡೆಗೆ ತೂಗುಹಾಕಿದ.

"ಮೊದಲೇ ಹೇಳ್ಬಾರ್ದಾ? ಭಾರಕ್ಕೆ ಅಂತ ಕೊಟ್ಟಿದ್ದನ್ನ ನೀನು ಮನುಷ್ಯರಿಗೆ ಹಾಕಿದ್ದೀಯ." ಕೆಳಗಿನ ಡಬ್ಬದಿಂದ ಇನ್ನೊಂದನ್ನು ತೆಗೆದ. ಕೆಂಪು ಬಣ್ಣದ್ದು, ಬೆರಳಿಗೆ ಜೋತುಬೀಳುವಷ್ಟು ತೆಳು. "ಇದು ಆಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಗಾಳಿ ಸೋರುತ್ತೆ, ಬೆಳಿಗ್ಗೆ ಬೆಳಿಗ್ಗೆ ಊದ್ಕೋಬೇಕು. ಗಾಳಿ ಕಮ್ಮಿ ಇದ್ದಷ್ಟೂ ಮೆತ್ತಗೆ. ಆದ್ರೆ ಭಾರಕ್ಕಿಂತ ಕಮ್ಮಿ ಆಯ್ತು ಅಂದ್ರೆ ಟೈರು ರಿಮ್ಮಿನ ಮೇಲೆ ಜಾರುತ್ತೆ, ಮೂತಿ ಬುಡ ಸಮೇತ ಕಿತ್ಕೊಂಡು ಬರುತ್ತೆ. ಎಷ್ಟಿದ್ದಾಳೆ ಹೇಳು."

"ಎಷ್ಟು ಅಂದ್ರೆ?"

"ತೂಕ ಕಣಯ್ಯ, ತೂಕ."

ಸರಳಣ್ಣ ತಲೆ ಕೆರೆದುಕೊಂಡ. ಯಾವ ಗಾತ್ರದ ಸರಳು ಎಷ್ಟು ತೂಗುತ್ತದೆಂದು ಕಣ್ಣಳತೆಯಲ್ಲೇ ಹೇಳಬಲ್ಲವನಿಗೆ ಹೆಂಡತಿಯ ತೂಕ ಗೊತ್ತಿರಲಿಲ್ಲ.

"ತೂಗಿಸಿಕೊಂಡು ಬಾ," ಎಂದ ತಾತ.

ಕಬ್ಬಿಣದಂಗಡಿಯ ಹಿಂಭಾಗದಲ್ಲಿ ಗಾಡಿ ಸಮೇತ ತೂಗುವ ಕಟ್ಟೆಯಿತ್ತು. ಮಾರನೆಯ ಬೆಳಿಗ್ಗೆಯೇ ಸರಳಣ್ಣ ಗಾಡಿಗೆ ಮತ್ತೆ ಗಟ್ಟಿ ಚಕ್ರಗಳನ್ನೇ ಹಾಕಿ, ಖಾಲಿ ಗಾಡಿಯನ್ನು ಹಾಸಿಗೆ, ಹೊದಿಕೆಯ ಸಮೇತ ತೂಗಿಸಿಟ್ಟಿದ್ದ. ಆಸ್ಪತ್ರೆಯಿಂದ ಬರುವಾಗ ಹೆಂಡತಿ ಮಲಗಿದ್ದ ಗಾಡಿಯನ್ನು ಅದೇ ಕಟ್ಟೆಗೆ ಹತ್ತಿಸಿದ. ಅವಳಿಗೆ ಇದೊಂದು ತಮಾಷೆ. "ಗುಜರಿಗೆ ಹಾಕ್ತಿದ್ದೀಯಾ? ಒಳ್ಳೆ ಬೆಲೆ ಸಿಕ್ಕಿದ್ರೆ ಬಿಡಬೇಡ," ಎಂದಳು. ಮದುವೆಯಾದ ಹೊಸದರಲ್ಲಿ ಅವಳು ದುಂಡಗಿದ್ದಳು. ತನ್ನನ್ನು ಎತ್ತಲು ಕ್ರೇನೇ ಬೇಕು ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ತೂಕದವನು ಒಳಗಿನ ಕಿಟಕಿಯಿಂದ ತಲೆ ಎತ್ತದೆ, ದಿನಾ ಕಬ್ಬಿಣಕ್ಕೆ ಕೂಗುವ ಹಾಗೆಯೇ ಕೂಗಿದ: "ಗಾಡಿ ಕಳೆದು ಮೂವತ್ನಾಲ್ಕು!"

"ಯಾರದ್ದು ಮೂವತ್ನಾಲ್ಕು?" ಎಂದಳು ಅವಳು.

ಸರಳಣ್ಣ ಗಾಡಿ ಇಳಿಸಿದ. ಒಂದು ಸಿಮೆಂಟಿನ ಚೀಲವಾದರೂ ಐವತ್ತು ಕಿಲೋ ತೂಗುತ್ತದೆ. ಬೀದಿಯ ಕೊನೆಯಲ್ಲಿ ಮುಚ್ಚಿದ ಗೋದಾಮೊಂದರ ನೆರಳು ಬಂದಾಗ ಅವಳು, "ನಿಲ್ಸು," ಎಂದಳು. ನಿಲ್ಲಿಸಿದ. ಪರದೆ ಸರಿಸಿ ನೋಡಿದರೆ ಅವಳು ತನ್ನ ಮಣಿಕಟ್ಟನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಸುತ್ತಿ ಹಿಡಿದು ನೋಡುತ್ತಿದ್ದಳು.

"ಇಷ್ಟೇ ಉಳಿದಿದ್ದೀನಾ?"

"ಊಟ ಸರಿಯಾಗಿ ಸೇರ್ತಿಲ್ಲ, ಅದಕ್ಕೆ. ನರ ಬಿಟ್ಮೇಲೆ..."

"ನರ, ನರ ಅನ್ಬೇಡ. ಆ ಯಂತ್ರದ ರೂಮಿನ ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದಾರೆ. ನನಗೆ ಓದೋಕೆ ಬರಲ್ವಾ? ಮೊದಲನೇ ದಿನಾನೇ ಓದಿದ್ದೀನಿ."

ಅವನು ಗಾಡಿಯ ಅಂಚು ಹಿಡಿದು ಹಾಗೆಯೇ ಕುಸಿದು ಕೂತ. "ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಹಾಳು ಮಾಡೋದ್ಯಾಕೆ ಅಂತ." ಮಣಿಕಟ್ಟು ಬಿಟ್ಟು, "ಕಾಯಿಲೆ ಗೊತ್ತಿತ್ತು. ಈ ಮೂವತ್ನಾಲ್ಕು ಗೊತ್ತಿರಲಿಲ್ಲ," ಎಂದಳು. ಆಗ ಅವಳಿಗೆ ಅಳು ಬಂತು. ಅತ್ತರೆ ಬೆನ್ನು ಅಲುಗುತ್ತದೆಂದು ಅಳುವನ್ನೂ ತಡೆದು ತಡೆದು ಅತ್ತಳು. ಅವನು ಅವಳ ಪಾದ ಹಿಡಿದುಕೊಂಡು ಕೂತೇ ಇದ್ದ. ದಾರಿಯವರು ಗಾಡಿಯನ್ನು ಸುತ್ತಿಕೊಂಡು ಹಾದುಹೋದರು.

ಅದೇ ಸಂಜೆ ಅವನು ಗಾಳಿತಾತನಿಗೆ ತೂಕ ಹೇಳಿದ. ಈ ಸಲ ಕೂಗಬೇಕಾಗಲಿಲ್ಲ, ಬೆರಳಿನಿಂದ ಧೂಳಿನ ಮೇಲೆ ಬರೆದು ತೋರಿಸಿದ. ತಾತ ಅದನ್ನು ನೋಡಿ, ಎರಡು ಕೆಂಪು ಟ್ಯೂಬು ಹಾಕಿ, ತಾನೇ ಟೈರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಾಳಿ ಹದ ಮಾಡಿದ. "ಬೆರಳು ಇಷ್ಟು ಒಳಗೆ ಹೋಗ್ಬೇಕು. ನೆನಪಿಟ್ಕೋ. ಇದರ ಮೇಲೆ ಇನ್ನೇನೂ ಹೇರ್ಬೇಡ," ಎಂದ.

ಮಾರನೆಯ ಬೆಳಿಗ್ಗೆ ಗಾಡಿ ಹೊರಟಾಗ ಸದ್ದೇ ಇರಲಿಲ್ಲ. ಸರಳಣ್ಣನಿಗೆ ತಾನು ಖಾಲಿ ಗಾಡಿ ಎಳೆಯುತ್ತಿದ್ದೇನೋ ಎನ್ನಿಸಿ ಎರಡು ಸಲ ತಿರುಗಿ ನೋಡಿದ. ಕಲ್ಲುಹಾಸಿನ ಮೇಲೆ ಚಕ್ರ ಒಳಕ್ಕೆ ಕುಗ್ಗಿ ಮತ್ತೆ ಉಬ್ಬುತ್ತ ನಡೆಯಿತು. ರೈಲುಹಳಿ ದಾಟಿದರು. ಹೊದಿಕೆಯೊಳಗಿಂದ ಉಸಿರೂ ಕೇಳಿಸಲಿಲ್ಲ. ಏರಿನ ನಡುವೆ ಅವನು ಗಾಡಿ ನಿಲ್ಲಿಸಿದ. ಚಕ್ರಕ್ಕೆ ಕಲ್ಲು ಕೊಟ್ಟು ಓಡಿಬಂದು ಪರದೆ ಸರಿಸಿದ. ಅವಳು ಬಾಯಿ ತುಸು ತೆರೆದು ಮಲಗಿದ್ದಳು. ಮೂಗಿನ ಹತ್ತಿರ ಬೆರಳು ಹಿಡಿದ. ಅವಳು ಕಣ್ಣು ಬಿಟ್ಟು, "ಯಾಕೆ ನಿಲ್ಸಿದೆ? ಒಳ್ಳೆ ನಿದ್ದೆ ಬಂದಿತ್ತು," ಎಂದು ಸಿಡುಕಿದಳು. ಎಷ್ಟೋ ವಾರಗಳ ಮೇಲೆ ಅವಳಿಗೆ ನಿದ್ದೆ ಬಂದದ್ದು ಅಂದೇ.

ಆಮೇಲಿನ ದಿನಗಳಲ್ಲಿ ಅವಳು ಗಾಡಿ ಬಂದೊಡನೆ ನಿದ್ದೆಗೆ ಸಿದ್ಧಳಾಗುತ್ತಿದ್ದಳು. ಒಮ್ಮೊಮ್ಮೆ ಅವನು ಬೇಕೆಂದೇ ಬಳಸುದಾರಿ ಹಿಡಿದು, ಅವಳ ನಿದ್ದೆ ಮುಗಿಯುವವರೆಗೂ ಗಾಡಿ ಎಳೆಯುತ್ತಿದ್ದ.

ಆದರೆ ಗಾಡಿಯ ಇನ್ನೊಂದರ್ಧದ ಯಜಮಾನನಿದ್ದನಲ್ಲ. ತಾತನ ಅಂಗಡಿಯಲ್ಲಿ ಕೂಗಿದ ಮಾತು ಹಮಾಲಿಗಳ ಬಾಯಿಂದ ಭಾವಮೈದನ ಕಿವಿಗೆ ಬಿದ್ದಿತ್ತು. ಅವನು ನೇರ ಮನೆಯ ಬಾಗಿಲಿಗೆ ಬಂದು, ಅಕ್ಕನಿಗೆ ಕೇಳಿಸಬಾರದೆಂದು ಹಲ್ಲು ಕಚ್ಚಿಕೊಂಡು ಹೇಳಿದ: "ಬೀದಿಗೆಲ್ಲ ಗೊತ್ತು ಭಾವ. ಮೀನಿನವಳಿಗೂ ಗೊತ್ತು. ಒಡಹುಟ್ಟಿದವನಿಗೆ ಗೊತ್ತಿಲ್ಲ. ನಾನು ಯಾರು ನಿಮಗೆ? ಗಾಡಿ ತಳ್ಳೋ ಕೂಲಿಯವನಾ?" ಭಾವಮೈದ ಅಕ್ಕನ ಮುಖವನ್ನೂ ನೋಡದೆ ಹೊರಟುಹೋದ. ಗಾಡಿ ಹೀಗೆ ಆಸ್ಪತ್ರೆಗೆ ಮೀಸಲಾದ ಮೇಲೆ ಅವನು ಒಬ್ಬನೇ ಲಾರಿಯ ಸರಕು ಇಳಿಸಲು ಹೋಗುತ್ತಿದ್ದ. ಅವನ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಕೇಳಿದ್ದರೆ ಸರಳಣ್ಣ ಏನಾದರೂ ದಾರಿ ಮಾಡುತ್ತಿದ್ದ. ಅವನು ಕೇಳಲಿಲ್ಲ, ಇವನು ಕರೆಯಲಿಲ್ಲ.

ಆಸ್ಪತ್ರೆಯ ಯಂತ್ರಕ್ಕೆ ರಜೆಯಿದ್ದ ದಿನ ಭಾವಮೈದ ಬಂದು ಗೋಡೆಗೊರಗಿಸಿದ್ದ ಗಾಡಿಯನ್ನು ಎಳೆದುಕೊಂಡು ಹೋದ. ತನ್ನದೇ ಗಾಡಿ, ಹತ್ತಿರದ ಒಂದೇ ಬಾಡಿಗೆ, ಚಕ್ರ ಬದಲಿಸುವಷ್ಟು ಹೊತ್ತಿಲ್ಲ ಎಂದುಕೊಂಡಿರಬೇಕು. ಪೈಪು ಹೇರಿದ. ಮೊದಲ ತಿರುವಿನಲ್ಲೇ ಟೈರು ಜಾರಿತು. ಎಡಗಡೆಯ ಕೆಂಪು ಟ್ಯೂಬಿನ ಮೂತಿ ಬುಡಸಮೇತ ಕಿತ್ತು ಬಂತು. ಹೇಗೋ ಗಾಡಿಯನ್ನು ವಾಪಸು ತಂದು, ಮೊದಲಿದ್ದ ಜಾಗದಲ್ಲೇ ಒರಗಿಸಿ, ಯಾರಿಗೂ ಹೇಳದೆ ಹೋದ.

ಬೆಳಿಗ್ಗೆ ಪಂಪು ಹಿಡಿದು ಹೊರಬಂದ ಸರಳಣ್ಣ ನೋಡಿದ್ದು ನೆಲಕ್ಕೆ ಚಪ್ಪಟೆಯಾಗಿ ಅಂಟಿದ ಚಕ್ರವನ್ನು. ಹಲಗೆಯ ಮೇಲೆ ಹೊಸ ತುಕ್ಕಿನ ಗೀರು. ಅವನಿಗೆ ಎಲ್ಲ ಅರ್ಥವಾಯಿತು. ಗಾಳಿತಾತನ ಗೂಡಿಗೆ ಓಡಿದ, ಅದು ಇನ್ನೂ ಮುಚ್ಚಿತ್ತು. ತಿರುಗಿ ಬರುವಷ್ಟರಲ್ಲಿ ಭಾವಮೈದನೇ ಬಾಗಿಲಲ್ಲಿ ನಿಂತಿದ್ದ. ರಾತ್ರಿಯಿಡೀ ನಿದ್ದೆ ಮಾಡಿದವನ ಮುಖವಾಗಿರಲಿಲ್ಲ ಅದು.

"ಅಕ್ಕನ ಹಾಸಿಗೆ ಮೇಲೆ ಕಬ್ಬಿಣ ಹೇರಿದ್ಯಲ್ಲೋ!" ಸರಳಣ್ಣ ಅವನ ಕೊರಳಪಟ್ಟಿ ಹಿಡಿದ. ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡಿದವನಲ್ಲ. ಭಾವಮೈದ ಕೈ ಬಿಡಿಸಿಕೊಳ್ಳಲೂ ಇಲ್ಲ. "ಹೊಡೀರಿ ಭಾವ," ಎಂದ.

ಒಳಗಿಂದ ಅವಳ ಧ್ವನಿ ಬಂತು. "ಜಗಳ ಆಮೇಲೆ ಆಡ್ಕೊಳ್ಳಿ ಇಬ್ರೂ. ನನಗೆ ಹೊತ್ತಾಗುತ್ತೆ."

ಸರಳಣ್ಣ ಮೂಲೆಯಲ್ಲಿದ್ದ ಗಟ್ಟಿ ರಬ್ಬರಿನ ಚಕ್ರಗಳನ್ನು ನೋಡಿದ. ಭಾವಮೈದನೂ ನೋಡಿದ. "ಬೇಡ ಭಾವ," ಎಂದು, ಗೋಡೆಗೆ ನಿಲ್ಲಿಸಿದ್ದ ಅವಳ ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆಯನ್ನು ತೆಗೆದುಕೊಂಡ. "ಹೊತ್ಕೊಂಡು ಹೋಗೋಣ."

ಹಾಗೆಯೇ ಹೊತ್ತುಕೊಂಡು ಹೋದರು. ಹಲಗೆಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅವಳು. ಮುಂದೆ ತಮ್ಮ, ಹಿಂದೆ ಗಂಡ. ಸಂತೆಬೀದಿಯಲ್ಲಿ ಜನ ದಾರಿ ಬಿಟ್ಟು ಸರಿದರು, ಶವವೆಂದುಕೊಂಡು ಒಬ್ಬಿಬ್ಬರು ಟೋಪಿಯನ್ನೂ ತೆಗೆದರು. ಅವಳು ಕೈಯಾಡಿಸಿ, "ಇನ್ನೂ ಇದ್ದೀನಿ, ಹಾಕ್ಕೊಳ್ಳಿ," ಎಂದಳು. ಏರಿನಲ್ಲಿ ಇಬ್ಬರೂ ಒಂದು ಸಲವೂ ಹಲಗೆ ಕೆಳಗಿಡಲಿಲ್ಲ.

ಆಸ್ಪತ್ರೆಯಲ್ಲಿ ಅಂದು ಯಂತ್ರದ ರೂಮಿಗೆ ಕರೆಯಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು ಹಲಗೆಯ ಪಕ್ಕ ಮೊಣಕಾಲೂರಿ ಕೂತರು. ರಕ್ತದ ಮಟ್ಟ ತೀರ ಕೆಳಗಿಳಿದಿದೆ, ಇನ್ನು ಯಂತ್ರದಿಂದ ಉಪಯೋಗಕ್ಕಿಂತ ಹಿಂಸೆಯೇ ಹೆಚ್ಚು ಎಂದರು. ಈ ಸಲ ಅವನಿಗಲ್ಲ, ಅವಳಿಗೇ ಹೇಳಿದರು. "ನೋವಿಗೆ ಔಷಧಿ ಕೊಡ್ತೀನಿ. ಮನೇಲೇ ಇರಿ, ನಿಮ್ಮವರ ಹತ್ತಿರ."

"ನಾಳೆಯಿಂದ ಬರ್ಬೇಕಾಗಿಲ್ವಾ?"

"ಬೇಕಾಗಿಲ್ಲ."

"ನಿದ್ದೆ ಹೋಯ್ತಲ್ಲ," ಎಂದು ಅವಳು ಗಂಡನ ಕಡೆ ನೋಡಿದಳು. ಡಾಕ್ಟರಮ್ಮನಿಗೆ ಅದು ಅರ್ಥವಾಗಲಿಲ್ಲ.

ಇಳಿಜಾರಿನಲ್ಲಿ ವಾಪಸು ಬರುವಾಗ ತಮ್ಮನ ಬೆನ್ನು ಅಲುಗುತ್ತಿದ್ದುದನ್ನು ಹಿಂದಿನಿಂದ ಸರಳಣ್ಣ ನೋಡಿದ. ಅವಳೂ ನೋಡಿದಳು.

"ಭಾರ ಆಯ್ತೇನೋ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ಒಂದು ಸುಳ್ಳು ಹೇಳೋಕೂ ಬರಲ್ವಾ ನಿನಗೆ? ನಿಮ್ಮ ಭಾವನ್ನ ನೋಡಿ ಕಲಿ. ಭಾರ ಅಂತ ಹೇಳೋ."

ಅವನು ನಡೆಯುತ್ತಲೇ, ತಿರುಗದೆ, "ಭಾರ ಅಕ್ಕ. ತುಂಬಾ ಭಾರ. ಹೆಗಲು ಬಿದ್ದುಹೋಗ್ತಿದೆ," ಎಂದ.

"ಹಾಗೆ ಹೇಳು," ಎಂದಳು ಅವಳು.

ಚಳಿ ಶುರುವಾಗುವವರೆಗೂ ಅವಳಿದ್ದಳು. ಔಷಧಿಯಿಂದ ಹೆಚ್ಚು ಹೊತ್ತು ಮಂಪರು. ಎಚ್ಚರವಾದಾಗ ಕಿಟಕಿಯ ಪರದೆಯ ಹೊಲಿಗೆ ಸೊಟ್ಟಗಿದೆ ಎಂದು ತನ್ನ ಕೈಕೆಲಸವನ್ನೇ ಬೈದುಕೊಳ್ಳುತ್ತಿದ್ದಳು. ಗಂಡ, ತಮ್ಮ ಇಬ್ಬರೂ ಸರದಿಯ ಮೇಲೆ ಹತ್ತಿರ ಕೂರುತ್ತಿದ್ದರು. ಒಬ್ಬ ಮನೆಯಲ್ಲಿದ್ದರೆ ಇನ್ನೊಬ್ಬ ದುಡಿಯಬೇಕು. ಗಾಡಿಗೆ ಕಪ್ಪು ದಪ್ಪ ಟ್ಯೂಬು ಹಾಕಿಸಿದರು. ಒಬ್ಬನೇ ಎಳೆಯುವುದಕ್ಕೆ ಗಟ್ಟಿ ರಬ್ಬರಿಗಿಂತ ಅದೇ ಹಗುರ.

ಆ ದಿನ ಮಧ್ಯಾಹ್ನ ಸರಳಣ್ಣ ಊರಾಚೆಯ ಹೊಸ ಕಟ್ಟಡಕ್ಕೆ ಪೈಪು ಎಳೆಯುತ್ತಿದ್ದ. ಅರ್ಧ ದಾರಿಯಲ್ಲಿ ಹಿಂದಿನಿಂದ ಭಾರ ತಟ್ಟನೆ ಹಗುರಾಯಿತು. ಯಾರೋ ತಳ್ಳುತ್ತಿದ್ದಾರೆ. ತಿರುಗಿ ನೋಡಿದರೆ ಭಾವಮೈದ, ಓಡಿಬಂದು ಏದುಸಿರು ಬಿಡುತ್ತಿದ್ದ. ಮನೆಯಲ್ಲಿ ಇರಬೇಕಾದವನು ಇಲ್ಲಿದ್ದಾನೆ. ಸರಳಣ್ಣ ನಿಂತ.

"ಯಾವಾಗ?"

"ಈಗ್ಲೇ. ನಿದ್ದೇಲೇ ಭಾವ. ಪಕ್ಕದ ಮನೆಯವರನ್ನ ಕೂರಿಸಿ ಬಂದೆ."

ಗಾಡಿ ರಸ್ತೆಯ ನಡುವೆ ನಿಂತಿತ್ತು. ಹಿಂದಿನಿಂದ ವಾಹನಗಳು ಹಾರ್ನ್ ಬಾರಿಸತೊಡಗಿದವು. ಪೈಪುಗಳನ್ನು ಅಲ್ಲಿ ಬಿಟ್ಟುಹೋಗುವಂತಿರಲಿಲ್ಲ, ಅಷ್ಟೂ ಭಾರವನ್ನು ತಿರುಗಿಸಿ ಮನೆಯ ಮುಂದೆ ಒಯ್ದು ನಿಲ್ಲಿಸುವಂತೆಯೂ ಇರಲಿಲ್ಲ. ಸರಳಣ್ಣ ಸ್ವಲ್ಪ ಹೊತ್ತು ಮುಂದೆ ನೋಡಿದ, ಸ್ವಲ್ಪ ಹೊತ್ತು ಹಿಂದೆ ನೋಡಿದ. ಆಮೇಲೆ ಮುಂದಕ್ಕೇ ಎಳೆದ. ಭಾವಮೈದ ಹಿಂದಿನಿಂದ ತಳ್ಳಿದ.

"ಬೆಳಿಗ್ಗೆ ಎರಡು ಚಮಚ ಗಂಜಿ ಕುಡಿದ್ಲು," ಎಂದು ಅವನು ಹಿಂದಿನಿಂದ ಹೇಳುತ್ತ ಬಂದ. "ಕಾಲು ತಣ್ಣಗಿದೆ ಅಂದ್ಲು. ಹೊದಿಸಿದೆ. ನೀವು ಎಲ್ಲಿಗೆ ಹೋಗಿದ್ದೀರ ಅಂತ ಕೇಳಿದ್ಲು. ಪೈಪು ಅಂದೆ. ದೂರಾನಾ ಅಂದ್ಲು. ಹ್ಞೂ ಅಂದೆ." ಸರಳಣ್ಣ ಒಂದೊಂದು ಮಾತಿಗೂ ತಲೆಯಾಡಿಸುತ್ತ ಎಳೆದ.

ಕಟ್ಟಡದ ಬಳಿ ಮೇಸ್ತ್ರಿ ಕಾದು ಕಾದು ಕೆಂಡವಾಗಿದ್ದ. "ಇದೇನು ಬರೋ ಹೊತ್ತಾ? ದಾರೀಲಿ ಮಲಗಿದ್ರಾ ಇಬ್ರೂ?" ಎಂದ. ಒಂದು ತುದಿ ಒಬ್ಬ, ಇನ್ನೊಂದು ತುದಿ ಮತ್ತೊಬ್ಬ ಹಿಡಿದು ಪೈಪುಗಳನ್ನೆಲ್ಲ ಇಳಿಸಿ ಗೋಡೆಯ ಪಕ್ಕ ಜೋಡಿಸಿದರು. ಕೊನೆಯದನ್ನು ಇಟ್ಟ ಮೇಲೆ ಸರಳಣ್ಣ ಬೆನ್ನು ನೆಟ್ಟಗೆ ಮಾಡಿ ಮೇಸ್ತ್ರಿಯ ಹತ್ತಿರ ಹೋಗಿ, "ಗಾಡಿ ಇಲ್ಲೇ ಇರಲಿ. ನಮ್ಮಲ್ಲೊಬ್ರು ಆಮೇಲೆ ಬರ್ತೀವಿ," ಎಂದ. ಧ್ವನಿಯಲ್ಲಿ ಏನಿತ್ತೋ, ಮೇಸ್ತ್ರಿ ಮತ್ತೆ ಬೈಯಲಿಲ್ಲ.

ಇಬ್ಬರೂ ರಸ್ತೆಗೆ ಬಂದು ಮನೆಯ ಕಡೆ ನಡೆದರು. ಮೊದಲು ಭಾವಮೈದ ರೂಢಿಯಂತೆ ಹಿಂದೆಯೇ ಬರುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ ಸರಳಣ್ಣ ನಿಂತು, ಅವನು ಹತ್ತಿರ ಬರುವವರೆಗೂ ಕಾದು, ಜೊತೆಯಲ್ಲಿ ಹೆಜ್ಜೆ ಹಾಕಿದ.